ಟ್ರೇಲ್ ಅಂದ್ರೆ ಕಾಲುದಾರಿ ಕಣ್ರೀ

ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಬೊಮ್ಮನಹಳ್ಳಿ ಸಿಗ್ನಲ್ ಹತ್ರ ನಿಂತು ನೋಡಿ. ಹೊಸೂರು ರಸ್ತೆ ಉಸಿರಾಡೋದು ಆ ಹೊತ್ತಲ್ಲಿ ಮಾತ್ರ. ತರಕಾರಿ ಟೆಂಪೋ, ಹಾಲಿನ ಗಾಡಿ, ರಾತ್ರಿ ಪಾಳಿ ಮುಗಿಸಿದವರನ್ನ ಮನೆಗೆ ಬಿಡೋ ಕ್ಯಾಬು. ಇವುಗಳ ನಡುವೆ ಒಂದು ಕಾರು ಊರಾಚೆಗೆ ಹೊರಟಿರುತ್ತೆ. ಒಳಗೆ ನಾಲ್ಕು ಜನ. ಎಲ್ಲರ ಕೈಯಲ್ಲೂ ಜಿಪಿಎಸ್ ವಾಚು, ಕಾಲಲ್ಲಿ ಹಲ್ಲು ಹಲ್ಲು ಅಟ್ಟೆಯ ಶೂ, ಡಿಕ್ಕಿಯಲ್ಲಿ ಬಾಳೆಹಣ್ಣು, ಉಪ್ಪಿನ ಮಾತ್ರೆ. ಆ ನಾಲ್ಕರಲ್ಲಿ ಒಬ್ಬ ನಾನು. ಹಳ್ಳದ ಪಕ್ಕ, ಮರದ ನೆರಳಲ್ಲಿ, ಮಣ್ಣಿನ ಹಾದಿಯಲ್ಲಿ ಮನಸಾರೆ ಓಡೋಕೆ 250 ಕಿ.ಮೀ. ಕಾರು ಓಡಿಸಿಕೊಂಡು ಚಿಕ್ಕಮಗಳೂರಿನ ಕಡೆಗೆ ಹೊರಟಿದ್ದೀವಿ.

ಇದಕ್ಕೆ ಟ್ರೇಲ್ ರನ್ನಿಂಗ್ ಅಂತ ಹೆಸರು. ಎಂಟು ವರ್ಷದಿಂದ ಮಾಡ್ತಿದ್ದೀನಿ, ಇಷ್ಟಪಟ್ಟೇ ಮಾಡ್ತಿದ್ದೀನಿ. ಹಾಗಾಗಿ ಈ ಜಗಳ ಹೊರಗಿನವನ ಜಗಳ ಅಲ್ಲ. ನಾನು ಬೈಯೋಕೆ ಹೊರಟಿರೋದು ನನ್ನನ್ನ, ಮತ್ತೆ ನನ್ನ ಜೊತೆ ಆ ಕಾರಿನಲ್ಲಿ ಕೂತ ನಿಮ್ಮನ್ನ.

ನಮ್ಮೂರು ಅರಕಲಗೂಡಿನ ಕಡೆ. ಟಾರು ರಸ್ತೆಯಲ್ಲಿ ಹೋದರೆ ಹೈಸ್ಕೂಲು 5 ಕಿ.ಮೀ., ಹಳ್ಳದ ದಂಡೆ ಹಿಡಿದರೆ 3. ಹೊಂಗೆ, ನೇರಳೆ, ಅತ್ತಿ, ಲಕ್ಕಿ ಗಿಡದ ಪೊದೆ, ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ದಾರಿ. ಬೆಲ್ ಹೊಡೆಯೋದರೊಳಗೆ ಸೇರಬೇಕು ಅಂತ ದಿನಾ ಓಡುತ್ತಿದ್ದೆವು, ಬರಿಗಾಲಲ್ಲಿ. ಮೆಡಲ್ ಯಾರೂ ಕೊಡಲಿಲ್ಲ, ತಡವಾದರೆ ಬೆತ್ತದ ಏಟು ಕೊಡ್ತಿದ್ರು. ಆ ದಾರಿಯಲ್ಲಿ ದನ ಬರ್ತಿದ್ವು, ಬಟ್ಟೆ ಗಂಟು ಹೊತ್ತ ಹೆಂಗಸರು ಬರ್ತಿದ್ರು, ಸೌದೆ ಹೊರೆ ಬರ್ತಿತ್ತು. ಹೊರೆ ಹೊತ್ತವರು ಬಂದರೆ ಬರಿಗೈಯವರು ಪಕ್ಕಕ್ಕೆ ಸರಿಯಬೇಕು, ಅಷ್ಟೇ ಅದರ ಕಾನೂನು.

ಹಳ್ಳಿಯನ್ನ ಸ್ವರ್ಗ ಮಾಡೋಕೆ ಹೊರಟಿಲ್ಲ. ನಮ್ಮೂರಲ್ಲೂ ಯಾರು ಯಾವ ಬಾವಿಯಲ್ಲಿ ನೀರು ಸೇದಬಹುದು, ಯಾರು ದೂರ ನಿಂತು ಕಾಯಬೇಕು ಅನ್ನೋ ಕಟ್ಟುಪಾಡು ಇತ್ತು. ಬರೆದ ಬೋರ್ಡು ಇರಲಿಲ್ಲ, ಎಲ್ಲರಿಗೂ ಬಾಯಿಪಾಠವಾಗಿತ್ತು. ಅದನ್ನ ಕಣ್ಣಾರೆ ನೋಡಿದ್ದಕ್ಕೇ ಇರಬೇಕು, ನೀರಿನ ಪಕ್ಕ ಗೇಟು ಕಂಡರೆ ನನಗೆ ಒಳಗೊಳಗೇ ಇರುಸುಮುರುಸು.

ಹೋದ ವರ್ಷ ಅಪ್ಪ ಕಣ್ಣಿನ ಆಪರೇಷನ್ನಿಗೆ ಅಂತ ಬಂದು ಒಂದು ತಿಂಗಳು ನಮ್ಮ ಫ್ಲ್ಯಾಟಿನಲ್ಲಿದ್ದ. ಕಟ್ಟು ಬಿಚ್ಚಿ ಎರಡು ವಾರ ಆದಮೇಲೆ, ನಾನು ಓಡೋ ಕೆರೆಗೆ ಬೆಳಿಗ್ಗೆ ಕರೆದುಕೊಂಡು ಹೋದೆ. ಯಾವ ಕೆರೆ ಅಂತ ಹೇಳಲ್ಲ, ಅದೊಂದರ ಕಥೆ ಮಾತ್ರ ಅಲ್ಲ ಇದು. ಅಪ್ಪ ಬೆಂಚಿನ ಮೇಲೆ ಕೂತು ನಾವು ಸುತ್ತೋದನ್ನ ಸ್ವಲ್ಪ ಹೊತ್ತು ನೋಡಿದ. ಎರಡನೇ ಸುತ್ತಿನಲ್ಲಿ ಹತ್ತಿರ ಬಂದಾಗ, "ಗಾಣದೆತ್ತು ಸುತ್ತಿದಂಗೆ ಸುತ್ತುತೀರಲ್ಲ ಮಗಾ, ಎಣ್ಣೆ ಎಲ್ಲಿ ಬೀಳ್ತದೆ?" ಅಂದ. ನಗುತ್ತಲೇ ಮುಂದೆ ಹೋದೆ.

ಮೂರನೇ ಸುತ್ತಿಗೆ ಬರೋ ಹೊತ್ತಿಗೆ ಸೀಟಿ ಕೇಳಿಸಿತು. ಅಪ್ಪ ಬೆಂಚು ಬಿಟ್ಟು ನೀರಿನ ಅಂಚಿಗೆ ಇಳಿದಿದ್ದ. ಪಂಚೆ ಮೊಣಕಾಲಿಗೆ ಕಟ್ಟಿದ್ದ, ಟವೆಲಿನಲ್ಲಿ ಒಂದು ಹಿಡಿ ಹೊನಗೊನೆ ಸೊಪ್ಪು. ಗಾರ್ಡು ಮೇಲಿಂದ ಕೂಗ್ತಿದ್ದ: "ಏಯ್ ತಾತ, ಇಲ್ಲೆಲ್ಲ ಸೊಪ್ಪು ಕೀಳಂಗಿಲ್ಲ. ವಾಕಿಂಗ್ ಬಂದೋರಿಗೆ ಮಾತ್ರ ಇದು. ಯಾರು ಒಳಗೆ ಬಿಟ್ಟಿದ್ದು ನಿನ್ನ? ನಡಿ ಆಚೆಗೆ." ಓಡ್ತಿದ್ದ ಇಬ್ಬರು ನಿಂತು ನೋಡಿದರು. ನನ್ನ ಪಕ್ಕ ಇದ್ದ ಗೆಳೆಯ, "ಪಾಪ, ಯಾರೋ" ಅಂದ. ನಾನು ವಾಚು ನೋಡಿಕೊಂಡೆ. ನಿಲ್ಲಲಿಲ್ಲ. ಆ ಸುತ್ತು ಮುಗಿಸಿದೆ.

ಹೊರಗೆ ಬಂದಾಗ ಅಪ್ಪ ಗೇಟಿನಾಚೆ ಎಳನೀರು ಗಾಡಿಯ ಪಕ್ಕ ನಿಂತಿದ್ದ. ಟವೆಲ್ ಖಾಲಿ. ಬೈತಾನೆ ಅಂದುಕೊಂಡೆ. "ಕೆರೆ ಚೆನ್ನಾಗದೆ ಕಣ್ಲಾ. ಯಾರ್ದು?" ಅಂತ ಕೇಳಿದ. ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

ಕೊಳಚೆ ಸೇರೋ ಕೆರೆಯ ಸೊಪ್ಪು ತಿನ್ನಬಾರದು ಅಂತ ನೀವು ಹೇಳ್ತೀರಿ. ಸರಿ, ಒಪ್ಪಿದೆ. ಆದರೆ ಗಾರ್ಡು ಹೇಳಿದ್ದು ಅದನ್ನಲ್ಲ. 'ವಾಕಿಂಗ್ ಬಂದೋರಿಗೆ ಮಾತ್ರ ಇದು' ಅಂದ. ಅವನು ತನ್ನ ಸ್ವಂತ ಮಾತು ಹೇಳಲಿಲ್ಲ, ನಮ್ಮ ಮಾತನ್ನ ಹೇಳಿದ. ದನ ಬರಬಾರದು, ಬಟ್ಟೆ ಒಗೀಬಾರದು, ಹುಲ್ಲು ಕೊಯ್ಯಬಾರದು ಅಂತ ಬೋರ್ಡು ಹಾಕಿಸಿದ ಅರ್ಜಿಗಳಲ್ಲಿ ನಮ್ಮಂಥವರ ಸಹಿ ಇದೆ. ನಮ್ಮ ವಾಟ್ಸಾಪ್ ಗುಂಪಿನಲ್ಲೇ ಅಂಥ ಅರ್ಜಿಗೆ ನಾನೂ ಹೆಬ್ಬೆರಳು ಒತ್ತಿದ್ದೀನಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ 2016ರ 'ನೇಚರ್ ಇನ್ ದ ಸಿಟಿ' ಪುಸ್ತಕ ಬೆಂಗಳೂರಿನ ಕೆರೆ, ತೋಪುಗಳು ಎಲ್ಲರ ಸ್ವತ್ತಾಗಿದ್ದು, ಆಮೇಲೆ ಕೈತಪ್ಪಿದ್ದರ ಕಥೆ ಹೇಳುತ್ತೆ. ಕೆರೆಯನ್ನ ನಂಬಿ ಬದುಕುತ್ತಿದ್ದವರು ಹೊರಗಾದರು, ಕೆರೆಯನ್ನ ನೋಡೋಕೆ ಬರೋರು ಒಳಗಾದರು.

ಈಗ ಅಪ್ಪನ ಗಾಣದೆತ್ತಿನ ಮಾತಿಗೆ ಬರೋಣ. ಆವತ್ತು ನಕ್ಕಿದ್ದೆ. ಆಮೇಲೆ ಯೋಚನೆ ಮಾಡಿದರೆ ಆ ಮಾತಿನಲ್ಲಿ ಇಡೀ ಬೆಂಗಳೂರಿನ ಕೆರೆ ಅಭಿವೃದ್ಧಿಯ ವಿಮರ್ಶೆ ಇದೆ ಅನ್ನಿಸಿತು.

ಊರಿನ ಕೆರೆ ನೋಡಿದವರಿಗೆ ಗೊತ್ತು, ಕೆರೆ ಅನ್ನೋದು ಮೊರದ ಹಾಗೆ. ತಗ್ಗಿನ ಕಡೆ ಮಾತ್ರ ಎತ್ತರದ ಅಂಚು, ಅದೇ ಏರಿ. ಎದುರಿನ ಕಡೆ ತೆರೆದುಕೊಂಡೇ ಇರಬೇಕು, ಮಳೆ ನೀರು ಹರಿದು ಒಳಗೆ ಬರೋದು ಆ ಕಡೆಯಿಂದ. ಅಲ್ಲಿ ನೀರು ತೆಳ್ಳಗಿರುತ್ತೆ, ಜೊಂಡು ಬೆಳೆಯುತ್ತೆ, ಉದ್ದ ಕಾಲಿನ ಹಕ್ಕಿಗಳು ಮೇಯೋದು ಅಲ್ಲೇ. ನಮಗೆ ಬೇಕಿದ್ದದ್ದು ಲೂಪ್. ಶುರು ಮಾಡಿದ ಜಾಗಕ್ಕೇ ಬಂದು ಸೇರಬೇಕು, ವಾಚಿನ ನಕ್ಷೆಯಲ್ಲಿ ಉಂಗುರ ಮೂಡಬೇಕು. ಅದಕ್ಕೆ ಒಂದು ಕಡೆ ಇದ್ದ ಏರಿಯನ್ನ ಸುತ್ತಲೂ ಕಟ್ಟಿದರು. ಕಾಮಗಾರಿಯ ಭಾಷೆಯಲ್ಲಿ ಅದು ರಿಂಗ್ ಬಂಡ್. ಮೊರ ಬಟ್ಟಲಾಯಿತು. ಜೊಂಡಿನ ಅಂಚನ್ನ ಮಣ್ಣು ಮುಚ್ಚಿತು, ಹಕ್ಕಿಗೆ ಆಳ ನೀರು ಉಳೀತು. ಮೇಲಿಂದ ಹರಿದು ಬಂದ ಮಳೆ ನೀರಿಗೆ ಒಂದೆರಡು ಕಿಂಡಿ ಬಿಟ್ಟರೆ ದಾರಿ ಇಲ್ಲ, ಅದು ಪಕ್ಕದ ಬಡಾವಣೆಗೆ ನುಗ್ಗುತ್ತೆ. ಅದರ ಮೇಲೆ ಸಿಮೆಂಟಿನ ಇಟ್ಟಿಗೆ ಜೋಡಿಸಿದರು, ಲೈಟು ಹಾಕಿದರು. ಆಮೇಲೆ ನಾವು, ಇಲ್ಲಿ ಓಡಿದರೆ ಮಂಡಿ ನೋವು ಬರುತ್ತೆ, ಮಣ್ಣಿನ ಟ್ರೇಲ್ ಬೇಕು ಅಂತ ಚಿಕ್ಕಮಗಳೂರಿಗೆ ಹೊರಟೆವು!

ಗೇಟಿನ ಟೈಮಿಂಗ್ ನೋಡಿ. ನಮ್ಮ ಹಲವು ಕೆರೆಗಳ ಗೇಟು ಬೆಳಿಗ್ಗೆ ಮೂರ್ನಾಲ್ಕು ಗಂಟೆ, ಸಂಜೆ ಎರಡು ಮೂರು ಗಂಟೆ ಮಾತ್ರ ತೆಗೆದಿರುತ್ತೆ. ಈ ಹೊತ್ತು ಯಾರಿಗೆ ಹೊಂದುತ್ತೆ? ಹತ್ತು ಗಂಟೆಗೆ ಸ್ಟ್ಯಾಂಡಪ್ ಮೀಟಿಂಗ್ ಇರೋ ನಮಗೆ. ಬೊಮ್ಮನಹಳ್ಳಿ ಬರೀ ನಮ್ಮ ಊರಲ್ಲ. ಐಟಿ ಬರೋ ಮುಂಚೆಯಿಂದ ಇದು ಕಾರ್ಖಾನೆಗಳ ಊರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಊರು. ಬೆಳಿಗ್ಗೆ ಅವರು ಮಕ್ಕಳಿಗೆ ಡಬ್ಬಿ ಕಟ್ಟಿ, ತಾವೂ ಕಟ್ಟಿಕೊಂಡು, ಪಾಳಿಯ ಗಂಟೆ ಹೊಡೆಯೋದರೊಳಗೆ ಮೆಷಿನ್ ಮುಂದೆ ಇರಬೇಕು. ಸಂಜೆ ಕತ್ತಲಿಗೆ ಮನೆ. ಅವರಿಗೆ ಬಿಡುವು ಸಿಕ್ಕರೆ ಭಾನುವಾರ ಮಧ್ಯಾಹ್ನ. ಆ ಹೊತ್ತಿಗೆ ಕೆರೆಗೆ ಬೀಗ.

ಇದೇ ಹೆಣ್ಣುಮಕ್ಕಳು 2016ರ ಏಪ್ರಿಲ್‌ನಲ್ಲಿ ಏನು ಮಾಡಿದರು ಅನ್ನೋದು ನೆನಪಿದೆಯಾ? ಪಿ.ಎಫ್. ದುಡ್ಡು ತೆಗೆಯೋಕೆ ಕೇಂದ್ರ ಸರ್ಕಾರ ಹೊಸ ಕಟ್ಟಳೆ ತಂದಾಗ, ಕಂಪನಿಯ ಪಾಲು ಕೈಗೆ ಬರಬೇಕಂದರೆ 58 ವರ್ಷ ಆಗಬೇಕು ಅಂದಾಗ, ಬೊಮ್ಮನಹಳ್ಳಿಯ ಈ ಹೊಸೂರು ರಸ್ತೆಗೇ ಇಳಿದರು. ಎರಡು ದಿನ ಊರು ನಿಂತುಹೋಯಿತು. ಎರಡನೇ ದಿನ ಸಂಜೆಯೊಳಗೆ ಸರ್ಕಾರ ಆ ಕಟ್ಟಳೆ ವಾಪಸ್ ತೆಗೆದುಕೊಂಡಿತು. ಆ ಎರಡು ದಿನ ನಾವು ಏನು ಮಾಡ್ತಿದ್ವಿ? ವರ್ಕ್ ಫ್ರಮ್ ಹೋಮ್ ಕೊಡಿ ಅಂತ ಮ್ಯಾನೇಜರಿಗೆ ಮೇಲ್ ಹಾಕ್ತಿದ್ವಿ. ನಮ್ಮ ಪಿ.ಎಫ್. ಕೂಡ ಅದರಲ್ಲೇ ಉಳೀತು. ಅವರಿಗೆ ನಾವು ಕೆರೆಯ ಗೇಟಾದರೂ ತೆಗೆಸಿಕೊಡಬೇಕಾ ಬೇಡವಾ?

ಗೇಟು, ಬೇಲಿ ಇಲ್ಲದಿದ್ದರೆ ಕೆರೆಯೇ ಉಳಿಯುತ್ತಿರಲಿಲ್ಲ ಅನ್ನೋ ವಾದ ಗೊತ್ತು. ಅದರಲ್ಲಿ ಸತ್ಯ ಇದೆ. ಬೇಲಿ ಇಲ್ಲದ ಕಡೆ ರಾತ್ರೋರಾತ್ರಿ ಕಟ್ಟಡದ ಮಣ್ಣು ಸುರಿದು ಹೋಗ್ತಾರೆ. ಕತ್ತಲಲ್ಲಿ ಒಬ್ಬಳೇ ಓಡೋಕೆ ಭಯ, ಗಾರ್ಡ್ ಇದ್ದರೆ ಧೈರ್ಯ ಅಂತ ನಮ್ಮ ಗುಂಪಿನ ಗೆಳತಿಯರು ಹೇಳೋದೂ ಸರಿ. ಗಾರ್ಡ್ ಇರಲಿ. ಲಾರಿ ನುಗ್ಗದ ಹಾಗೆ ಬೇಲಿಯೂ ಇರಲಿ. ಆದರೆ ಲಾರಿಗೆ ಹಾಕಿದ ಬೇಲಿ ನಮ್ಮಪ್ಪನನ್ನ ಯಾಕೆ ತಡೀಬೇಕು? ಜಾಗ ಖಾಲಿ ಇದ್ದಷ್ಟೂ ಭಯ ಜಾಸ್ತಿ, ಜನ ಇದ್ದಷ್ಟೂ ಧೈರ್ಯ. ದನ ಮೇಯಿಸೋನು, ಹುಲ್ಲು ಕೊಯ್ಯೋಳು, ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚೋರು ಇದ್ದರೆ ಅಲ್ಲಿ ಕಣ್ಣುಗಳಿರುತ್ತವೆ.

ಹೀಗೆ ಹತ್ತಿರದ್ದೆಲ್ಲ ಕೆಡಿಸಿಕೊಂಡು ದೂರದ್ದಕ್ಕೆ ಮುಗಿಬೀಳೋದರ ಫಲ ಬೆಟ್ಟಗಳಿಗೂ ತಟ್ಟಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದ ಹಾದಿಯಲ್ಲಿ ಜಾತ್ರೆಯ ಹಾಗೆ ಸಾಲು ನಿಂತಿತು. ಆಮೇಲೆ ಅರಣ್ಯ ಇಲಾಖೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಚಾರಣವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ನಾವೆಲ್ಲ ಇಲಾಖೆಯನ್ನ ಬೈದೆವು. ಆ ಸಾಲಿನಲ್ಲಿ ನಿಂತವರು ಯಾವ ಊರಿನಿಂದ ಬಂದಿದ್ದರು ಅಂತ ಯಾರೂ ಕೇಳಿಕೊಳ್ಳಲಿಲ್ಲ.

ನೀರಿನ ಪಕ್ಕದ ಓಟ ಹೇಗಿರಬಹುದು ಅಂತ ತಿಳಿಯಬೇಕಾದರೆ ಕಾವೇರಿ ಟ್ರೇಲ್ ಮ್ಯಾರಥಾನ್ ಓಡಿ ನೋಡಿ. ಶ್ರೀರಂಗಪಟ್ಟಣದ ಹತ್ತಿರ, ರಂಗನತಿಟ್ಟಿನ ಪಕ್ಕ, ನಾಲೆಯ ಏರಿಯ ಮಣ್ಣಿನ ದಾರಿ. ಅದು ಲೂಪ್ ಅಲ್ಲ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ನಾನು ಓಡಿದಾಗ ಎದುರಿಗೆ ಎತ್ತಿನ ಗಾಡಿ ಬಂತು, ನಾವು ಪಕ್ಕಕ್ಕೆ ನಿಂತೆವು. ಸೋಪಾನದಲ್ಲಿ ಬಟ್ಟೆ ಒಗೀತಿದ್ದ ಅಜ್ಜಿಯೊಬ್ಬರು, "ಹುಷಾರು ಕಣ್ರಪ್ಪ, ಜಾರ್ತದೆ" ಅಂದರು. ಅಲ್ಲಿ ಯಾರೂ ಯಾರಿಗೂ ಸೀಟಿ ಊದಲಿಲ್ಲ. ನೀರು ಕೆಲಸ ಮಾಡ್ತಿತ್ತು, ದಾರಿ ಕೆಲಸ ಮಾಡ್ತಿತ್ತು, ನಾವು ನಾಲ್ಕು ಗಂಟೆಯ ನೆಂಟರು. ಅದೇ ಅಜ್ಜಿ ಬೆಂಗಳೂರಿನ ಕೆರೆಗೆ ಬಟ್ಟೆ ಗಂಟು ತಂದರೆ ಅರ್ಜಿ ಬರೆಯೋರು ನಾವೇ ಅನ್ನೋದು ಮಾತ್ರ ಅಲ್ಲಿ ಹೊಳೆದಿರಲಿಲ್ಲ.

'ಬೆಂಗಳೂರಲ್ಲಿ ಎಲ್ಲಿದೆ ಸ್ವಾಮಿ ಅಂಥ ಹಳ್ಳ, ಅಂಥ ದಾರಿ' ಅಂತೀರಿ. ಇದೆ. ತೋರಿಸ್ತೀನಿ.

ಅಪ್ಪ ಊರಿಗೆ ಹೋದಮೇಲೆ ಒಂದು ರಾತ್ರಿ ನಿದ್ದೆ ಬರದೆ ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ನಮ್ಮ ಅಪಾರ್ಟ್‌ಮೆಂಟ್ ಇರೋ ಜಾಗದ ಗ್ರಾಮ ನಕ್ಷೆ ಇಳಿಸಿಕೊಂಡೆ. ಸರ್ವೆ ನಂಬರ್ ಬೇಕಾದರೆ ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದಲ್ಲೇ ನೋಡಬಹುದು. ಹಳೇ ನಕ್ಷೆಯನ್ನ ಉಪಗ್ರಹ ಚಿತ್ರದ ಮೇಲೆ ಕೂರಿಸೋದು ನಮ್ಮ ಕಸುಬಿನವರಿಗೆ ಒಂದು ಗಂಟೆ ಕೆಲಸ. ಕೂರಿಸಿದೆ. ನಕ್ಷೆಯಲ್ಲಿ ಕೆರೆ ಇತ್ತು, ತೋಪು ಇತ್ತು, ಬಂಡಿದಾರಿ ಇತ್ತು, ಚುಕ್ಕೆ ಚುಕ್ಕೆ ಗೆರೆಯಲ್ಲಿ ಕಾಲುದಾರಿ ಇತ್ತು. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಹಾವಿನ ಹಾಗೆ ಹರಿದ ಎರಡು ಗೆರೆಯ ಹಳ್ಳ ಇತ್ತು. ಆ ಎರಡು ಗೆರೆ ನಮ್ಮ ಅಪಾರ್ಟ್‌ಮೆಂಟಿನ ವಿಸಿಟರ್ ಪಾರ್ಕಿಂಗ್ ಕೆಳಗೆ ಹಾದು ಹೋಗಿದ್ದವು. ನಾನು ಓಡಬೇಕಿದ್ದ ಟ್ರೇಲ್ ಮೇಲೆ ನನ್ನ ಕಾರು ನಿಂತಿತ್ತು.

ಬಿಲ್ಡರನ್ನ ಬೈದು ಕೈ ತೊಳೆದುಕೊಳ್ಳಬಹುದು. ಫ್ಲ್ಯಾಟ್ ಕೊಳ್ಳುವಾಗ ನಾನು ಬಾತ್‌ರೂಮಿನ ನಲ್ಲಿಯ ಕಂಪನಿ ಕೇಳಿದ್ದೆ, ಜಿಮ್ ಎಷ್ಟು ದೊಡ್ಡದು ಅಂತ ಕೇಳಿದ್ದೆ. ಗ್ರಾಮ ನಕ್ಷೆ ಕೇಳಿರಲಿಲ್ಲ. ಹಳ್ಳಿಯಿಂದ ಬಂದವನು, ಬಿ ಖರಾಬು ಅಂದರೆ ಸಾರ್ವಜನಿಕರ ದಾರಿ, ಹಳ್ಳ, ಹೊಳೆಯ ಜಾಗ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವನು, ಕೇಳಲಿಲ್ಲ. ಊರಲ್ಲಿ ಯಾರಾದರೂ ಹಳ್ಳ ಒತ್ತಿದರೆ ಅಪ್ಪ ಪಂಚಾಯ್ತಿ ಕಟ್ಟೆಯ ತನಕ ಹೋಗುತ್ತಿದ್ದ. ಮಗ ಒತ್ತಿದ ಜಾಗಕ್ಕೇ ಇಎಂಐ ಕಟ್ಟುತ್ತಿದ್ದಾನೆ.

ಈ ಹಳ್ಳಗಳಿಗೆ ಈಗಿನ ಹೆಸರು ರಾಜಕಾಲುವೆ. ಮಡಿವಾಳ ಕೆರೆಯ ನೀರು ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರು, ಕೊನೆಗೆ ದಕ್ಷಿಣ ಪಿನಾಕಿನಿ. ಇಡೀ ಸರಪಳಿ ಹೀಗೇ ಹರಿಯೋದು. ರಾಜಕಾಲುವೆಯ ಪಕ್ಕ ಕಟ್ಟಬಾರದು ಅನ್ನೋ ನಿಯಮವೂ ಇದೆ. ನಗರದ 2015ರ ಮಹಾಯೋಜನೆಯ ಪ್ರಕಾರ ಕಾಲುವೆಯ ನಡುವಿನಿಂದ ಅಳೆದರೆ ದೊಡ್ಡದಕ್ಕೆ 50 ಮೀಟರ್, ನಡುವಿನದಕ್ಕೆ 25, ಚಿಕ್ಕದಕ್ಕೆ 15. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಇದನ್ನ ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನ ರದ್ದು ಮಾಡಿತು, ಹಳೇ ಅಳತೆ ಉಳೀತು. ಇರಲಿ, ಹಳೇ ಅಳತೆಯೇ ಸಾಕು. 15 ಮೀಟರಿನಲ್ಲಿ ಎರಡು ಸಾಲು ಹೊಂಗೆ ಮರ ಹಾಕಿ, ನಡುವೆ ಮಣ್ಣಿನ ದಾರಿ ಬಿಟ್ಟು, ದನಕ್ಕೂ ಜಾಗ ಕೊಡಬಹುದು. ಕಾಗದದ ಮೇಲೆ ನಮ್ಮ ಟ್ರೇಲ್ ಆಗಲೇ ಇದೆ.

ನೆಲದ ಮೇಲೆ ಇಲ್ಲ ಅನ್ನೋದು 2022ರ ಸೆಪ್ಟೆಂಬರ್‌ನಲ್ಲಿ ನಮಗೆ ಗೊತ್ತಾಯಿತು. ಹೊರವರ್ತುಲ ರಸ್ತೆ ಹೊಳೆಯಾದಾಗ ಲ್ಯಾಪ್‌ಟಾಪ್ ಬ್ಯಾಗು ತಲೆ ಮೇಲೆ ಇಟ್ಟುಕೊಂಡು ಟ್ರ್ಯಾಕ್ಟರ್ ಏರಿದೆವು. ಅದಕ್ಕೂ ಮುಂಚೆ, 2019ರ ನವೆಂಬರ್‌ನಲ್ಲಿ, ನಮ್ಮ ಪಕ್ಕದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗೆ ನೀರು ನುಗ್ಗಿತ್ತು. ನೀರು ತನ್ನ ಕಾಲುದಾರಿ ಮರೆತಿಲ್ಲ. ಮರೆತಿರೋರು ನಾವು.

ಇದೆಲ್ಲ ಆಗೋ ಮಾತಲ್ಲ, ಬೆಂಗಳೂರು ಕೈಮೀರಿ ಹೋಗಿದೆ ಅನ್ನೋ ನಿಟ್ಟುಸಿರು ಬಿಡಬೇಡಿ. ಆ ನಿಟ್ಟುಸಿರು ಬಹಳ ಅಗ್ಗ. 2021ರ ಫೆಬ್ರವರಿಯಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಅರಣ್ಯ ಇಲಾಖೆ ಹೊರಟಾಗ ಏನಾಯ್ತು? ಓಡೋರು, ಸೈಕಲ್ಲಿನವರು, ಬಂಡೆ ಹತ್ತೋರು, ಹಕ್ಕಿ ನೋಡೋರು, ಸುತ್ತಮುತ್ತಲಿನ ಜನ ಎಲ್ಲ ಸೇರಿ, ಕಾಡನ್ನ ಕಾಡಾಗಿ ಬಿಡಿ ಅಂತ ನಿಂತರು. ಸರ್ಕಾರ ಹಿಂದೆ ಸರಿಯಿತು. ಆವತ್ತು ನಾನೂ ಬೋರ್ಡು ಹಿಡಿದು ನಿಂತಿದ್ದೆ. ಅಂದರೆ ನಮ್ಮ ಮಾತಿಗೆ ಬೆಲೆ ಇದೆ. ಇಂಗ್ಲಿಷಿನಲ್ಲಿ ಮೇಲ್ ಬರೆಯೋಕೆ ಬರುತ್ತೆ, ಪತ್ರಿಕೆಯವರು ಫೋನ್ ಎತ್ತುತ್ತಾರೆ, ಅಧಿಕಾರಿಗಳು ಕುರ್ಚಿ ಕೊಡ್ತಾರೆ. ಆ ಬೆಲೆಯನ್ನ ಇಷ್ಟು ದಿನ ಸಿಮೆಂಟಿನ ಇಟ್ಟಿಗೆಗೆ, ಲೈಟಿಗೆ, ಗೇಟಿಗೆ ಖರ್ಚು ಮಾಡಿದ್ದೀವಿ. ಇನ್ನು ಮೇಲೆ ಮೂರು ವಿಷಯಕ್ಕೆ ಖರ್ಚು ಮಾಡೋಣ ಅನ್ನೋದು ನನ್ನ ವಾದ.

ಒಂದು, ಕೆರೆಯ ಗೇಟು ಬೆಳಗಿನಿಂದ ಕತ್ತಲಾಗೋ ತನಕ ತೆಗೆದಿರಲಿ, ಯಾರು ಯಾಕೆ ಬಂದರು ಅಂತ ಕೇಳೋದು ಬೇಡ. ಎರಡು, ಇನ್ನು ಯಾವ ಕೆರೆಗೂ ನಮ್ಮ ಹೆಸರಲ್ಲಿ ಸುತ್ತು ಏರಿ ಕಟ್ಟೋದು ಬೇಡ. ಏರಿಯ ಮೇಲೆ ಹೋಗಿ ಅದೇ ಏರಿಯ ಮೇಲೆ ವಾಪಸ್ ಬರೋಣ, ಲೂಪ್ ಇಲ್ಲದಿದ್ದರೆ ಯಾರ ದಮ್ಮೂ ಕಡಿಮೆಯಾಗಲ್ಲ. ಮೂರು, ರಾಜಕಾಲುವೆಯ ಅಂಚು. ಶಾಂತಿನಗರದ ಕಡೆಯಿಂದ ಬೆಳ್ಳಂದೂರಿನ ದಿಕ್ಕಿಗೆ ಹರಿಯೋ ಕೋರಮಂಗಲದ ರಾಜಕಾಲುವೆಯನ್ನ ಶುಚಿ ಮಾಡಿ ಜನ ನಡೆಯೋ ಹಾಗೆ ಮಾಡೋ ಕೆ-100 ಯೋಜನೆ ಶುರುವಾಗಿ ವರ್ಷಗಳಾದವು. ಅದರಲ್ಲಿ ಕಲ್ಲು ಕಾಂಕ್ರೀಟೇ ಹೆಚ್ಚು ಅನ್ನೋ ತಕರಾರು ನನಗಿದೆ, ಆದರೂ ಕಾಲುವೆಯ ಪಕ್ಕ ಮನುಷ್ಯ ನಡೆಯಬಹುದು ಅಂತ ಅದು ತೋರಿಸಿದೆ. ಬೊಮ್ಮನಹಳ್ಳಿಯ ಕಾಲುವೆಗಳಿಗೂ ಅದು ಬೇಕು, ಇನ್ನೂ ಕಡಿಮೆ ಸಿಮೆಂಟು, ಇನ್ನೂ ಹೆಚ್ಚು ಮರ ಹಾಕಿ. ಮೊದಲು ಕೊಳಚೆ ನಿಲ್ಲಬೇಕು, ಒತ್ತಿದ್ದು ಬಿಡಿಸಬೇಕು. ಬಿಡಿಸುವಾಗ ಬಡವರ ಶೆಡ್ಡಿನಿಂದ ಶುರು ಮಾಡೋದು ಬೇಡ. ನಮ್ಮ ವಿಸಿಟರ್ ಪಾರ್ಕಿಂಗ್‌ನಿಂದ ಶುರು ಮಾಡಲಿ. ನಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ಮಾತು ಎತ್ತಿದ್ದೀನಿ. ಎರಡು ವಾರದಿಂದ ಲಿಫ್ಟಿನಲ್ಲಿ ನನ್ನ ಜೊತೆ ಯಾರೂ ಮಾತಾಡ್ತಿಲ್ಲ.

ಮಲೆನಾಡಿಗೆ ಹೋಗಬೇಡಿ ಅಂತ ಹೇಳ್ತಿಲ್ಲ. ವರ್ಷಕ್ಕೆ ಒಂದು ಸಲ ಹೋಗಿ, ಕಾಫಿ ತೋಟದ ಮಂಜಿನಲ್ಲಿ ಓಡಿ ಬನ್ನಿ, ನಾನೂ ಬರ್ತೀನಿ. ಮಿಕ್ಕ ಭಾನುವಾರಗಳು ಇಲ್ಲಿಗಿರಲಿ. ಬರೋ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾವು ಏಳು ಜನ ಗ್ರಾಮ ನಕ್ಷೆ ಹಿಡಿದು ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೋಡೆಯಿಂದ ಕಾಲುವೆಯ ಜಾಡು ಹಿಡಿದು ಹೊರಡ್ತೀವಿ. ಓಡೋಕೆ ಆಗೋ ಕಡೆ ಓಡ್ತೀವಿ, ಆಗದ ಕಡೆ ನಿಂತು ಫೋಟೋ ತೆಗೆದು ಸರ್ವೆ ನಂಬರ್ ಬರೆದುಕೊಳ್ತೀವಿ. ವಾಸನೆ ಇರುತ್ತೆ, ನಾಯಿ ಇರುತ್ತೆ, ಗಾಜಿನ ಚೂರು ಇರುತ್ತೆ.

ಅಪ್ಪನಿಗೂ ಫೋನ್ ಮಾಡಿ ಹೇಳಿದೆ. ಆವತ್ತು ಕೆರೆಯಲ್ಲಿ ನಾನು ನಿಲ್ಲದೆ ಓಡಿದ್ದು ನೋಡಿದ್ಯಾ ಅಂತ ಇವತ್ತಿಗೂ ಕೇಳೋಕೆ ಆಗಿಲ್ಲ. ಅವನು ಕೇಳಿದ್ದು ಒಂದೇ: "ಹಳ್ಳದ ಜಾಡು ಸಿಕ್ತದೇನ್ಲಾ?" ಸಿಗಬಹುದು ಅಂದೆ. "ಹಂಗಾದ್ರೆ ಹೊಸ ಶೂ ಹಾಕ್ಕೊಬ್ಯಾಡ" ಅಂದ.

ನೀವೂ ಬನ್ನಿ. ಹಳೇ ಶೂ ಹಾಕ್ಕೊಂಡೇ ಬನ್ನಿ.